ದಿಣ್ಣೆಯ ಮೇಲೆ ನಿಂತ ಚಳಿ

ಆ ವರ್ಷ ನಮ್ಮೂರಿಗೆ ಚಳಿ ಬರಲು ಅಷ್ಟು ತಡವಾದದ್ದು ನನ್ನಿಂದ. ಇದನ್ನು ನಾನೇ ಹೇಳಿಕೊಳ್ಳಬೇಕಾದ ಅಗತ್ಯವೇನೂ ಇಲ್ಲ. ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಕೇಳದೆ ಇದ್ದರೂ ಹೇಳುತ್ತಾರೆ. ಆದರೆ ಅವರು ನನ್ನ ಕೈಯ ನಿಧಾನವನ್ನಷ್ಟೇ ಹೇಳುತ್ತಾರೆ, ನನ್ನ ಉಪಾಯವನ್ನು ಹೇಳುವುದಿಲ್ಲ. ಅದು ಅವರಿಗೆ ಗೊತ್ತೇ ಆಗಲಿಲ್ಲ. ಹಾಗೆಂದು ಯಾರಿಗೂ ಗೊತ್ತಾಗದಂತೆ ಉಪಾಯ ಹೂಡುವಷ್ಟು ಜಾಣೆ ನಾನಲ್ಲ. ನಾನು ಬೇಕೆಂದು ಮಾಡುವ ಎಡವಟ್ಟಿಗೂ ನನ್ನಿಂದ ತಾನಾಗಿ ಆಗುವ ಎಡವಟ್ಟಿಗೂ ನೋಡುವವರ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಅಷ್ಟೆ.

ನಮ್ಮೂರಿನಲ್ಲಿ ಆಯುಧಪೂಜೆಯ ದಿನ ಸ್ವೆಟರ್ ಹೆಣೆಯುವ ಕಡ್ಡಿಗಳಿಗೂ ಕುಂಕುಮ ಹಚ್ಚುತ್ತಾರೆ. ಮಾರನೆಯ ದಿನ ಮನೆಗೊಬ್ಬರಂತೆ ಒಂದು ಸ್ವೆಟರ್ ಶುರು ಮಾಡುತ್ತಾರೆ. ಹೆಂಗಸರೇ ಆಗಬೇಕೆಂದೇನಿಲ್ಲ. ಹಿಟ್ಟಿನ ಗಿರಣಿಯ ಹೊನ್ನಪ್ಪ ರಾಗಿ ಬೀಸುತ್ತಲೇ ಹೆಣೆಯುತ್ತಾನೆ. ಅವನು ಹೆಣೆದದ್ದನ್ನು ತೊಟ್ಟು ಅವನ ಮಕ್ಕಳು ಪಕ್ಕದಲ್ಲಿ ಹಾದುಹೋದರೆ ಮುದ್ದೆ ಉಣ್ಣಬೇಕೆನಿಸುತ್ತದೆ. ಶುರು ಮಾಡಿದವರೇ ಮುಗಿಸಬೇಕು, ನಡುವೆ ಇನ್ನೊಬ್ಬರು ಹೆಣೆಯುವಂತಿಲ್ಲ. ಮುಗಿಸಿದವರು ಉಳಿದ ಉಲ್ಲನ್ನಿನಲ್ಲಿ ಒಂದು ಕುಚ್ಚು ಕಟ್ಟಿ ಬೀದಿಬಾಗಿಲ ಚಿಲಕಕ್ಕೆ ತೂಗುಹಾಕುತ್ತಾರೆ. ಊರಿನ ಕೊನೆಯ ಚಿಲಕಕ್ಕೂ ಕುಚ್ಚು ಬಿದ್ದ ಮೇಲೆ ಚಳಿ ಇಳಿದು ಬರುತ್ತದೆ. ಅಲ್ಲಿಯವರೆಗೆ ಅದು ಊರಾಚೆಯ ದಿಣ್ಣೆಯ ಮೇಲೆ, ಹುಣಸೆಮರದ ಆಚೆಗೆ ನಿಂತು ಕಾಯುತ್ತದೆ. ಗಂಡಿನ ದಿಬ್ಬಣದವರು ಎದುರುಗೊಳ್ಳಲು ಯಾರಾದರೂ ಬರಲಿ ಎಂದು ಊರ ಹೊರಗೆ ನಿಂತಿರುತ್ತಾರಲ್ಲ, ಹಾಗೆ.

ಅದು ಹಾಗೆ ನಿಂತಿರುವ ದಿನಗಳಲ್ಲಿ ಊರಿನವರು ಅದರಿಂದ ಸಣ್ಣಪುಟ್ಟ ಕೆಲಸ ಮಾಡಿಸಿಕೊಳ್ಳುವುದೂ ಉಂಟು. ಹಾಲಿನವರು ಕ್ಯಾನುಗಳನ್ನು ಹುಣಸೆಮರದ ಆಚೆ ಇಟ್ಟು ಬರುತ್ತಾರೆ, ಹಾಲು ಕೆಡುವುದಿಲ್ಲ. ದಿಣ್ಣೆಯ ಮೇಲೊಂದು ಟೀ ಅಂಗಡಿ ಏಳುತ್ತದೆ. ಪಡ್ಡೆಗಳು ಬನಿಯನ್ನಿನಲ್ಲಿ ಬೆವರು ಒರೆಸಿಕೊಳ್ಳುತ್ತ ದಿಣ್ಣೆ ಹತ್ತಿ, ಮರದ ಆಚೆ ಹೋಗಿ ಗಡಗಡ ನಡುಗುತ್ತ ಬಿಸಿ ಟೀ ಕುಡಿದು, ಮತ್ತೆ ಈಚೆ ಬಂದು ಬೆವರುತ್ತ ಮನೆಗೆ ಹೋಗುತ್ತಾರೆ. ಇದಕ್ಕೆ ಏನು ಸುಖವೋ ನನಗೆ ತಿಳಿಯದು. ನಾನೂ ಹೋಗಿ ಕುಡಿದಿದ್ದೇನೆ.

ನಮ್ಮ ಮನೆಯಲ್ಲಿ ನಾವು ಮೂವರು. ಅಮ್ಮ, ಅಮ್ಮನ ಅಮ್ಮನಾದ ತುಂಗಜ್ಜಿ, ನಾನು. ಇಷ್ಟು ವರ್ಷ ಮನೆಯ ಸ್ವೆಟರು ಅಜ್ಜಿಯದೇ ಹೊಣೆ. ಅವಳು ಹೆಣೆಯುತ್ತ ಕಥೆ ಹೇಳುತ್ತಿದ್ದಳು, ನಾನು ಪಕ್ಕದಲ್ಲಿ ಉಲ್ಲನ್ ಉಂಡೆ ಹಿಡಿದು ಕೇಳುತ್ತಿದ್ದೆ. ಸ್ವೆಟರು ಮುಗಿಯುವ ಹೊತ್ತಿಗೆ ಕಥೆಯೂ ಮುಗಿಯುತ್ತಿತ್ತು. ಆದರೆ ನನಗೆ ಯಾವಾಗಲೂ ಕೊನೆಯ ಸಾಲಿನ ಹೊತ್ತಿಗೆ ಸರಿಯಾಗಿ ನಿದ್ದೆ ಹತ್ತುತ್ತಿತ್ತು. ಹಾಗಾಗಿ ನನ್ನ ತಲೆಯಲ್ಲಿ ಕೊನೆಯಿಲ್ಲದ ಕಥೆಗಳು ಬೇಕಾದಷ್ಟಿವೆ. ದಾರಿಯಲ್ಲೇ ನಿಂತ ರಾಜಕುಮಾರರು, ಇನ್ನೂ ಗಿಳಿಯಾಗಿಯೇ ಉಳಿದ ರಾಣಿಯರು.

ಆ ವರ್ಷ ಅಜ್ಜಿಯ ಬೆರಳುಗಳು ಮಡಚಲಾರದಷ್ಟು ಬಿಗಿದುಕೊಂಡವು. ಅಮ್ಮ ಕಡ್ಡಿ ಎತ್ತಿಕೊಳ್ಳುವ ಮೊದಲೇ ನಾನು ಎದ್ದು, ಈ ಸಲ ನಾನು ಹಾಕುತ್ತೇನೆ, ಅಜ್ಜಿಗೇ ಹಾಕುತ್ತೇನೆ, ಎಲ್ಲರಿಗೂ ಹಾಕಿಕೊಟ್ಟವಳಿಗೆ ಯಾರೂ ಒಂದು ಹಾಕಿಕೊಟ್ಟಿಲ್ಲ ಎಂದು ಸಣ್ಣ ಭಾಷಣವನ್ನೇ ಮಾಡಿದೆ. ನನಗೆ ಹೆಣಿಗೆ ಹವ್ಯಾಸ. ಸರಿಯಾಗಿ ಹೇಳಬೇಕೆಂದರೆ, ಮಫ್ಲರ್ ಶುರು ಮಾಡುವುದು ನನ್ನ ಹವ್ಯಾಸ. ಅರ್ಧಕ್ಕೆ ನಿಂತವುಗಳಲ್ಲಿ ಒಂದರ ಮೇಲೆ ಅಮ್ಮ ಬಿಸಿ ಪಾತ್ರೆ ಇಳಿಸುತ್ತಾಳೆ, ಇನ್ನೊಂದರ ಮೇಲೆ ಬೆಕ್ಕು ಮರಿ ಹಾಕಿತು. ಅಮ್ಮ ನನ್ನನ್ನು ನೋಡಿದಳು, ಬೆಕ್ಕನ್ನು ನೋಡಿದಳು. ಅಜ್ಜಿ ಮಾತ್ರ ಬದನೆಕಾಯಿ ಬಣ್ಣದ ಉಲ್ಲನ್ ಬೇಕು ಅಂದಳು.

ಮೊದಲು ತೋಳು ಹಾಕಲು ಕೂತೆ. ಕೈ ಕಡ್ಡಿಯ ಮೇಲಿತ್ತು, ಮನಸ್ಸು ಅಜ್ಜಿ ಹೇಳಿದ್ದ ಬೆಳುದಿಂಗಳ ಮುದುಕಿಯ ಕಥೆಯಲ್ಲಿತ್ತು. ಆ ಮುದುಕಿ ಮನೆಯಲ್ಲಿ ದೀಪಕ್ಕೆ ಎಣ್ಣೆ ಇಲ್ಲದೆ, ಬಾವಿಯೊಳಗೆ ಬಿದ್ದ ಬೆಳುದಿಂಗಳನ್ನು ಕೊಡದಲ್ಲಿ ತುಂಬಿ ತರಲು ಹೋಗುತ್ತಾಳೆ. ಬಾವಿ ಆಳ, ಹಗ್ಗ ಗಿಡ್ಡ. ಮುದುಕಿ ಬಗ್ಗಿ ಕೈ ಇಳಿಬಿಡುತ್ತಾಳೆ, ಇನ್ನೂ ಇಳಿಬಿಡುತ್ತಾಳೆ, ನೀರು ಸಿಗುವುದಿಲ್ಲ, ಇನ್ನೂ ಸ್ವಲ್ಪ ಇಳಿಬಿಡುತ್ತಾಳೆ. ಅವಳ ಕೈಗೆ ನೀರು ಸಿಕ್ಕಾಗ ನಾನು ಬಗ್ಗಿ ನೋಡಿದೆ. ತೋಳು ನನ್ನ ಮಡಿಲು ದಾಟಿ ನೆಲದ ಮೇಲೆ ಸುರುಳಿ ಸುತ್ತಿತ್ತು. ಒಲೆಯ ಮುಂದಿನಿಂದ ಎದ್ದು ಬಂದ ಅಮ್ಮ ಅದನ್ನು ಎತ್ತಿ ಹಿಡಿದಳು.

"ಇದನ್ನ ಅಜ್ಜಿಗೆ ಹಾಕ್ತಿದೀಯೋ ಆನೆಗೆ ಹಾಕ್ತಿದೀಯೋ, ನೀಲು?"

ಬಿಚ್ಚಿ ಮತ್ತೆ ಹಾಕಬಹುದಿತ್ತು. ಆದರೆ ನಮ್ಮೂರಿನಲ್ಲಿ ಒಮ್ಮೆ ಹೆಣೆದ ತೋಳನ್ನು ಬಿಚ್ಚಿದರೆ ತೊಡುವವರ ಕೈ ನೋಯುತ್ತದೆ ಅನ್ನುತ್ತಾರೆ. ಅಜ್ಜಿಯ ಕೈ ಮೊದಲೇ ನೋಯುತ್ತಿತ್ತು. ಉದ್ದ ತೋಳು ಹಾಗೇ ಉಳಿಯಿತು. ಎರಡನೆಯದನ್ನು ಅಮ್ಮ ಎದುರಿಗೆ ಕೂತು ಅಳತೆ ಮಾಡಿಸಿ ಹಾಕಿಸಿದಳು.

ಇಷ್ಟರಲ್ಲಿ ಅಜ್ಜಿಗೆ ಕೆಮ್ಮು ಶುರುವಾಯಿತು. ಸೆಕೆಯಲ್ಲಿ ಬರುವ ಕೆಮ್ಮಲ್ಲ, ಎದೆಯ ಒಳಗೆಲ್ಲೋ ಒಣ ತರಗೆಲೆ ತುಳಿದಂಥ ಸದ್ದು. ನಂಜುಂಡ ಪಂಡಿತರು ಬಂದು ನಾಡಿ ಹಿಡಿದು, ಕಷಾಯಕ್ಕೆ ಹೇಳಿ, ಕೈ ತೊಳೆಯಲು ಹಿತ್ತಿಲಿಗೆ ಹೋದರು. ನೀರು ಹುಯ್ಯುತ್ತಿದ್ದ ಅಮ್ಮನಿಗೆ ಅವರು ತಗ್ಗಿದ ದನಿಯಲ್ಲಿ ಹೇಳಿದ್ದು ಬಾಗಿಲ ಹಿಂದೆ ನಿಂತಿದ್ದ ನನಗೂ ಕೇಳಿಸಿತು.

"ಎದೇಲಿ ಬಲ ಇಲ್ಲಮ್ಮ. ಈ ಸಲದ ಚಳಿ ದಾಟೋದು ಕಷ್ಟ."

ಅಮ್ಮನ ಕೈಯ ಚೊಂಬಿನಿಂದ ನೀರು ಪಂಡಿತರ ಕಾಲ ಮೇಲೆ ಸುರಿಯುತ್ತಲೇ ಇತ್ತು. ನಾನು ನಡುಮನೆಗೆ ಬಂದು ಉಲ್ಲನ್ ಬುಟ್ಟಿಯ ಮುಂದೆ ಕೂತೆ. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಅತ್ತು ಮೂಗು ಒರೆಸಲು ಕೈಗೆ ಸಿಕ್ಕಿದ್ದು ಅದೇ ಉದ್ದ ತೋಳು. ಆಗ ಹೊಳೆಯಿತು. ಚಳಿ ದಾಟಲು ಕಷ್ಟ, ಸರಿ. ಚಳಿ ಬಂದರೆ ತಾನೇ ದಾಟಬೇಕು? ಕಥೆಗಳಲ್ಲಿ ಒಂದು ಪ್ರಾಣ ಉಳಿಸಬೇಕಾದರೆ ಏಳು ಸಮುದ್ರ ದಾಟಬೇಕು, ಹಾವಿನ ಬಾಯಿಂದ ಹೂವು ತರಬೇಕು. ನಾನು ಕೂತಲ್ಲೇ ಕೂತು ಕೆಟ್ಟದಾಗಿ ಹೆಣೆದರೆ ಸಾಕಿತ್ತು. ಇಷ್ಟು ಚೆನ್ನಾಗಿ ನನಗೆ ಒಗ್ಗುವ ಸಾಹಸ ಅಜ್ಜಿಯ ಯಾವ ಕಥೆಯಲ್ಲೂ ಇರಲಿಲ್ಲ.

ಅಂದಿನಿಂದ ನಾನು ಬೇಕೆಂದೇ ತಪ್ಪು ಮಾಡತೊಡಗಿದೆ. ಸೀದಾ ಹಾಕಬೇಕಾದಲ್ಲಿ ಉಲ್ಟಾ ಹಾಕಿ, ನಾಲ್ಕು ಸಾಲು ಮೇಲೆ ಹೋದ ಮೇಲೆ ಅಯ್ಯೋ ಎಂದು ಬಿಚ್ಚಿ, ಮತ್ತೆ ಹಾಕಿ, ಒಂದು ಕುಣಿಕೆ ಜಾರಿಸಿ, ಅದನ್ನು ಹುಡುಕುತ್ತ ಒಂದು ಬೆಳಿಗ್ಗೆ ಕಳೆದೆ. ಇದು ನಾನು ತಿಳಿದಷ್ಟು ಸುಲಭವಾಗಿರಲಿಲ್ಲ. ತಪ್ಪು ಮಾಡಬೇಕೆಂದು ಕೂತರೆ ಎಲ್ಲಿ, ಎಷ್ಟು, ಹೇಗೆ ಎಂದು ಯೋಚಿಸಬೇಕು. ಯೋಚಿಸುತ್ತ ಹೆಣೆದರೆ ಕೈ ಸರಿಯಾಗಿ ಓಡುತ್ತದೆ. ಜೀವಮಾನದಲ್ಲಿ ಮೊದಲ ಸಲ ನನ್ನ ಕುಣಿಕೆಗಳು ಒಂದೇ ಅಳತೆಗೆ ಬರತೊಡಗಿದವು. ಅದನ್ನು ಕಂಡು ಗಾಬರಿಯಾಗಿ ಮತ್ತೆ ಬಿಚ್ಚಬೇಕಾಯಿತು.

ನನ್ನ ದೊಡ್ಡ ಆಸೆ ಏನೆಂದರೆ, ಯಾರಾದರೂ ಅನುಮಾನ ಪಡಲಿ ಎಂಬುದು. ಗುಟ್ಟು ಕಾಯುವವಳಿಗೆ ಗುಟ್ಟಿದೆ ಎಂದಾದರೂ ಜನಕ್ಕೆ ಅನಿಸಬೇಕು, ಇಲ್ಲದಿದ್ದರೆ ಕಾಯುವುದರಲ್ಲಿ ಏನು ಸೊಗಸು? ಯಾರೂ ಅನುಮಾನ ಪಡಲಿಲ್ಲ. ಬೀದಿಯ ಚಿಲಕಗಳಿಗೆ ಒಂದೊಂದಾಗಿ ಕುಚ್ಚು ಬಿತ್ತು. ಕೆಂಪು, ಹಸಿರು, ಹೊನ್ನಪ್ಪನ ಮನೆಯ ಹಿಟ್ಟು ಮೆತ್ತಿದ ನೀಲಿ. ಕೊನೆಗೆ ಊರಿನಲ್ಲೆಲ್ಲ ನಮ್ಮ ಮನೆಯ ಚಿಲಕ ಒಂದೇ ಬೋಳಾಗಿ ಉಳಿಯಿತು. ಆಮೇಲೆ ನಮ್ಮ ಜಗಲಿಗೆ ಜನ ಬರತೊಡಗಿದರು. ನಮ್ಮೂರಿನವರು ಒರಟರಲ್ಲ. ಯಾರೂ ಬೇಗ ಮುಗಿಸು ಎಂದು ನೇರವಾಗಿ ಹೇಳಲಿಲ್ಲ. ಒಬ್ಬರು ಕಣ್ಣಿಗೆ ತಂಪು ಎಂದು ನೆಲ್ಲಿಕಾಯಿ ತಂದುಕೊಟ್ಟರು, ಇನ್ನೊಬ್ಬರು ಬೆರಳು ಚುರುಕಾಗುತ್ತದೆ ಎಂದು ಹರಳೆಣ್ಣೆ ತಂದರು. ಹೊನ್ನಪ್ಪ ನಮ್ಮ ಮನೆಯ ರಾಗಿಯನ್ನು ಸರದಿ ತಪ್ಪಿಸಿ ಮೊದಲೇ ಬೀಸಿಕೊಟ್ಟ, ನನ್ನ ಹೊತ್ತು ಉಳಿಯಲಿ ಎಂದು.

ಅವರೆಕಾಯಿಯ ಸಾಕಮ್ಮ ದಿನಾ ಬರುತ್ತಿದ್ದಳು. ಅವಳ ಹೊಲದಲ್ಲಿ ಅವರೆ ಹೂವಾಗಿ, ಕಾಯಾಗಿ, ಇಬ್ಬನಿ ಬೀಳಲಿ ಎಂದು ನಿಂತಿತ್ತು. ಇಬ್ಬನಿ ಕುಡಿಯದ ಅವರೆಗೆ ಸೊಗಡು ಹತ್ತುವುದಿಲ್ಲ, ಸೊಗಡಿಲ್ಲದ ಅವರೆಯನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಅವಳು ಒಂದು ಕಾಯಿ ತಂದು ನನ್ನ ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ನಾನು ಮೂಸುತ್ತಿದ್ದೆ. ಏನೂ ಇರುತ್ತಿರಲಿಲ್ಲ. ಅವಳು ನಿಟ್ಟುಸಿರು ಬಿಟ್ಟು ಕಾಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದಳು. ಒಂದು ದಿನ ಗೇಟಿನ ಹತ್ತಿರ ನಿಂತು ಅವಳು ಪಕ್ಕದ ಮನೆಯವರಿಗೆ ಹೇಳಿದ್ದು ಕೇಳಿಸಿತು.

"ಬಯ್ಯೋದಕ್ಕೂ ಮನಸ್ಸು ಬರಲ್ಲ ಕಣಕ್ಕ. ಪಾಪ, ಆ ಹುಡುಗೀಗೆ ಬರೋದೇ ಅಷ್ಟು."

ಆ ಪಾಪ ಎಂಬ ಮಾತು ನನ್ನನ್ನು ಎರಡು ದಿನ ಚುಚ್ಚಿತು. ಹೊರಗೆ ಓಡಿ ಹೋಗಿ, ನಾನು ಪೆದ್ದಿಯಲ್ಲ, ನಾನು ಒಂದು ಪ್ರಾಣವನ್ನು ಕಡ್ಡಿಯ ತುದಿಯಲ್ಲಿ ಹಿಡಿದು ಕೂತಿದ್ದೇನೆ ಎಂದು ಬೀದಿಗೆಲ್ಲ ಸಾರಬೇಕೆನಿಸಿತು. ಅದರ ಬದಲು ಒಳಗೆ ಕೂತು ಬೇಕೆಂದೇ ಒಂದು ಕುಣಿಕೆ ಜಾರಿಸಲು ಹೋಗಿ, ಬೇಡದೆಯೇ ಹನ್ನೆರಡು ಜಾರಿಸಿದೆ.

ಮರುದಿನ ಬೆಳಿಗ್ಗೆ ದಿಣ್ಣೆ ಹತ್ತಿದೆ. ಚಳಿಯನ್ನು ಒಮ್ಮೆ ಮುಖಾಮುಖಿ ನೋಡಿ, ನೀನು ಈ ಸಲ ಹೀಗೇ ಹಿಂದಕ್ಕೆ ಹೋಗು, ಮುಂದಿನ ವರ್ಷ ನೋಡೋಣ ಎಂದು ಹೇಳಿ ಬರುವುದು ನನ್ನ ಉದ್ದೇಶವಾಗಿತ್ತು. ಇಂಥ ಉದ್ದೇಶಗಳು ನನಗೆ ಆಗಾಗ ಬರುತ್ತವೆ. ಹುಣಸೆಮರದ ಕೆಳಗೆ ನಿಂತು ಆಚೆಗೆ ಕೈ ಚಾಚಿದೆ. ಬೆರಳುಗಳು ಮೊದಲು ತಣ್ಣಗಾಗಿ, ಆಮೇಲೆ ನನ್ನವಲ್ಲ ಎನ್ನುವಂತಾದವು. ಮರದ ಆಚೆಯ ಹುಲ್ಲಿನ ಮೇಲೆ ಇಬ್ಬನಿ, ಈಚೆಯ ಹುಲ್ಲಿನ ಮೇಲೆ ಧೂಳು. ಹೇಳಬೇಕೆಂದುಕೊಂಡ ಮಾತು ಬಾಯಿಗೆ ಬರುವ ಮೊದಲೇ ಆಚೆಯಿಂದ ಯಾರೋ ನನ್ನ ಹೆಸರು ಕರೆದರು. ಬೆಚ್ಚಿಬಿದ್ದೆ. ಚಳಿಗೆ ನನ್ನ ಹೆಸರು ಗೊತ್ತಿದೆ ಅಂದುಕೊಂಡೆ. ನೋಡಿದರೆ ಚೌಡಜ್ಜಿ.

ಚೌಡಜ್ಜಿ ನಮ್ಮಜ್ಜಿಯ ಗೆಳತಿ. ಪ್ರತಿ ವರ್ಷ ಚಳಿ ಬಂದ ಮಾರನೆಯ ದಿನದಿಂದ ಅವಳು ನಮ್ಮ ಜಗಲಿಗೆ ಹಾಜರು. ಇಬ್ಬರೂ ಎಳೆಬಿಸಿಲಿಗೆ ಕಾಲು ಚಾಚಿ ಕೂತು ಊರಿನವರನ್ನೆಲ್ಲ ಒಂದೊಂದಾಗಿ ಆಡಿಕೊಳ್ಳುವುದು, ಬಿಸಿಲು ಹೆಜ್ಜೆ ಸರಿದ ಹಾಗೆ ತಾವೂ ಸರಿಯುವುದು. ಅವಳು ಮರದ ಆಚೆ ಒಂದು ಬಂಡೆಯ ಮೇಲೆ, ಸೆರಗನ್ನು ತಲೆಗೆ ಸುತ್ತಿ, ಬಿಸಿಲಿಗೆ ಮುಖ ಒಡ್ಡಿ ಒಬ್ಬಳೇ ಕೂತಿದ್ದಳು. ಕೋಲೂರಿಕೊಂಡು ಅಷ್ಟೂ ದಿಣ್ಣೆ ಹತ್ತಿ ಬಂದಿದ್ದಳಂತೆ. ಮನೆಯಲ್ಲಿ ಸೊಸೆ ಬಯ್ಯುತ್ತಾಳಂತೆ, ಆದರೂ ದಿನಾ ಬರುತ್ತಾಳಂತೆ.

"ಇಲ್ಲಿ ಚಳೀನೂ ಐತೆ, ಬಿಸಿಲೂ ಐತೆ ಕಣವ್ವ," ಅಂದಳು. "ಮಾತಾಡಕ್ಕೆ ಜನ ಇಲ್ಲ. ತುಂಗಿಗೆ ಹತ್ತಕ್ಕಾಗಲ್ವಲ್ಲ."

ನಾನು ಏನೋ ಗೊಣಗಿ, ಚಳಿಗೆ ಏನೂ ಹೇಳದೆ ಇಳಿದು ಬಂದೆ.

ಮನೆಗೆ ಬಂದಾಗ ಅಜ್ಜಿ ಮಂಚದ ಮೇಲೆ ಎದ್ದು ಕೂತಿದ್ದಳು. ಚೌಡಜ್ಜಿ ದಿಣ್ಣೆಯ ಮೇಲೆ ಸಿಕ್ಕಿದ್ದನ್ನು ಹೇಳಿದೆ. ಅವಳು, ಸ್ವೆಟರ್ ತಾ ಇಲ್ಲಿ ಅಂದಳು. ಬೆನ್ನಿನ ಭಾಗ ಮುಗಿದಿತ್ತು, ಎದೆಯ ಭಾಗ ಅರ್ಧ ಆಗಿತ್ತು. ಕಣ್ಣು ಮಂಜಾಗಿದ್ದ ಅಜ್ಜಿ ಅದನ್ನು ಮಡಿಲಲ್ಲಿ ಹರಡಿಕೊಂಡು, ಮಡಚಲು ಬಾರದ ಬೆರಳುಗಳನ್ನು ಕೆಳಗಿನ ಪಟ್ಟಿಯಿಂದ ಮೇಲಕ್ಕೆ ನಿಧಾನವಾಗಿ ಸರಿಸುತ್ತ ಹೋದಳು.

"ಇಲ್ಲಿ ಕುಣಿಕೆ ಜಾರಿದೆ, ನೀನು ತೂಕಡಿಸ್ತಿದ್ದೆ. ಇದು ನಿಂದೇ ತಪ್ಪು. ಇಲ್ಲಿ ಕಿಟಕಿ ಕಡೆ ನೋಡ್ಕೊಂಡು ಎರಡು ಸಲ ಉಲ್ಟಾ ಹಾಕಿದೀಯ. ಇದೂ ನಿಂದೇ." ಬೆರಳು ಒಂದು ಕಡೆ ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಅಲ್ಲಿಗೇ ಬಂದು ನಿಂತಿತು. "ಇಲ್ಲಿಂದ ಮೇಲಿನದು ನಿಂದಲ್ಲ."

"ಎಲ್ಲಾ ನಾನೇ ಹಾಕಿದ್ದು ಅಜ್ಜಿ. ಬೇರೆ ಯಾರೂ ಮುಟ್ಟಿಲ್ಲ."

"ಹಾಕಿದ್ದು ನೀನೇ ಕಣೆ. ತಪ್ಪು ನಿಂದಲ್ಲ ಅಂದೆ. ಇಷ್ಟು ಒಪ್ಪವಾಗಿ ತಪ್ಪು ಮಾಡೋಳಲ್ಲ ನೀನು." ಅವಳು ನನ್ನ ಕಡೆ ತಿರುಗಿದಳು. "ಆ ನಂಜುಂಡ ಏನು ಹೇಳಿ ಹೋದ?"

ಇಡೀ ಊರು ಕಾಣದ್ದನ್ನು ಒಬ್ಬಳು ಕಂಡಳು ಎಂದು ನನಗೆ ಖುಷಿಯಾಗಬೇಕಿತ್ತು. ನಾನು ಗೊಳೋ ಎಂದು ಅತ್ತುಬಿಟ್ಟೆ. ಪಂಡಿತರು ಹೇಳಿದ್ದು, ನಾನು ಬಾಗಿಲ ಹಿಂದೆ ನಿಂತದ್ದು, ಉಪಾಯ ಹೂಡಿದ್ದು, ಎಲ್ಲ ಮೂಗಿನ ನೀರಿನ ಜೊತೆ ಹೊರಗೆ ಬಂತು. ಅಜ್ಜಿ ಪೂರ್ತಿ ಕೇಳಿದಳು. ಕೇಳಿ ಕೆಮ್ಮಿದಳು, ಅದು ಕೆಮ್ಮಲ್ಲ, ನಗು ಎಂದು ಆಮೇಲೆ ತಿಳಿಯಿತು.

"ಅವನಪ್ಪನೂ ಅದನ್ನೇ ಅಂತಿದ್ದ. ಪಾಪ, ಅವನು ಹೋಗಿ ಎಷ್ಟು ಚಳಿ ಆಯ್ತೋ."

ಈ ಸಲ ನಿಜವಾದರೆ ಎಂದು ಕೇಳಿದೆ.

"ಈ ಸಲ ನಿಜವೇ ಇರಬಹುದು," ಅಂದಳು ಅಜ್ಜಿ. ನಗುತ್ತಿರಲಿಲ್ಲ. "ನನಗೇನು ಗೊತ್ತು. ಎದೆ ಒಳಗೆ ಏನೋ ಹರೀತಾ ಇರುತ್ತೆ. ಆದ್ರೆ ನನ್ನ ಉಳಿಸ್ಕೊಂಡು ಏನ್ಮಾಡ್ತೀಯ ನೀಲು, ಉಪ್ಪು ಹಾಕಿ ಭರಣೀಲಿ ಇಡ್ತೀಯಾ? ಚೌಡಿ ಅಲ್ಲಿ ಬಂಡೆ ಮೇಲೆ ಒಬ್ಬಳೇ ಕೂತವಳೆ. ನಾನಿಲ್ಲಿ ಬೆವರ್ಕೊಂಡು ಮಲಗಿದೀನಿ. ನಿಮ್ಮಮ್ಮ ಸೊಗಡಿಲ್ಲದ ಅವರೆ ಹಾಕಿ ಸಾರು ಮಾಡ್ತಾಳೆ, ಬಿಸಿನೀರು ಉಂಡ ಹಾಗಿರುತ್ತೆ."

ನಾನು ತಲೆ ತಗ್ಗಿಸಿ ಉಲ್ಲನ್ನನ್ನು ಬೆರಳಿಗೆ ಸುತ್ತುತ್ತಿದ್ದೆ. ಅವಳು ಕೇಳಿದಳು, ಬೆಳುದಿಂಗಳ ಮುದುಕಿ ಕಥೆಯ ಕೊನೆ ನಿನಗೆ ನೆನಪಿದೆಯೇ ಎಂದು. ಇಲ್ಲ, ಕೈಗೆ ನೀರು ಸಿಕ್ಕಿದ ಮೇಲೆ ನನಗೆ ನಿದ್ದೆ ಬಂದುಬಿಡುತ್ತಿತ್ತು ಎಂದೆ.

"ಕೊಡದ ತುಂಬ ಬೆಳುದಿಂಗಳು ಹೊತ್ತು ಮನೆಗೆ ತಂದಳು. ಚೆಲ್ಲಿ ಹೋದೀತು ಅಂತ ಮುಚ್ಚಳ ಹಾಕಿದಳು. ಮನೆ ಕತ್ತಲಾಯ್ತು."

"ಆಮೇಲೆ?"

"ಆಮೇಲೇನು, ಮುಚ್ಚಳ ತೆಗೆದಳು. ಎಲ್ಲಾ ಚೆಲ್ಲಿತು. ಮನೆ ಬೆಳಕಾಯ್ತು, ಕೊಡ ಬರಿದಾಯ್ತು. ಮುದುಕಿ ಆ ಬೆಳಕಲ್ಲಿ ಕೂತು ಊಟ ಮಾಡಿದಳು."

ಅಷ್ಟೇನಾ ಎಂದೆ. ಅಷ್ಟೇ ಎಂದು ಅಜ್ಜಿ ಗೋಡೆಯ ಕಡೆ ಹೊರಳಿ ಮಲಗಿದಳು. ಇಷ್ಟು ವರ್ಷ ನಿದ್ದೆಯಲ್ಲಿ ಕಳೆದುಕೊಂಡ ಕೊನೆ ಇಷ್ಟು ಚಿಕ್ಕದು ಎಂದು ನನಗೆ ಸ್ವಲ್ಪ ಬೇಸರವೇ ಆಯಿತು.

ಆಮೇಲೆ ನಾನು ಹೆಣೆದೆ. ಬೇಕೆಂದು ತಪ್ಪು ಮಾಡದೆ, ಕಥೆಗೂ ಹೋಗದೆ ಹೆಣೆದೆ. ಎದೆಯ ಭಾಗ ಮೇಲಕ್ಕೆ ಬಂದ ಹಾಗೆ ನನ್ನ ಎದೆ ಕೆಳಕ್ಕೆ ಇಳಿಯುತ್ತಿತ್ತು. ಅಜ್ಜಿಯ ಕೆಮ್ಮು ಕೇಳಿದಾಗಲೆಲ್ಲ ಕೈ ನಿಲ್ಲುತ್ತಿತ್ತು, ಅವಳು ಒಳಗಿನಿಂದಲೇ "ಹೂಂ" ಅನ್ನುತ್ತಿದ್ದಳು, ಕೈ ಮತ್ತೆ ಓಡುತ್ತಿತ್ತು. ಕೊನೆಯ ದಿನ ಬೆನ್ನು, ಎದೆ, ತೋಳು ಎಲ್ಲವನ್ನೂ ದಬ್ಬಳದಿಂದ ಕೂಡಿಸಿ ಹೊಲಿದೆ. ಕಣ್ಣೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೂ ಒಂದು ಕಡೆಯೂ ಸಂದು ಬಿಡದಂತೆ, ಒಂದು ಎಳೆ ಗಾಳಿಯೂ ಒಳಗೆ ನುಸುಳದಂತೆ ಹೊಲಿದೆ. ನನ್ನ ಜೀವಮಾನದ ಅತ್ಯಂತ ಅಚ್ಚುಕಟ್ಟಾದ ಕೆಲಸ ಅದು. ಇಳಿಹೊತ್ತಿನಲ್ಲಿ ಬದನೆಕಾಯಿ ಬಣ್ಣದ ಕುಚ್ಚನ್ನು ಚಿಲಕಕ್ಕೆ ಕಟ್ಟಿದೆ. ಬೀದಿಯಲ್ಲಿ ಕಾದು ನಿಂತಿದ್ದ ಹೆಂಗಸರು ಸೆರಗು ಹೊದ್ದುಕೊಂಡರು.

ಚಳಿ ಹೊರಟಿತು. ದಿಣ್ಣೆಯ ಕಡೆಯ ಮನೆಗಳಿಂದ ಸುದ್ದಿ ಬರತೊಡಗಿತು, ಹುಣಸೆಮರ ದಾಟಿತು, ಕೆರೆ ಏರಿ ದಾಟಿತು, ಪೇಟೆ ಬೀದಿಗೆ ಬಂತು. ಹೊನ್ನಪ್ಪನ ಗಿರಣಿಯ ಹತ್ತಿರ ಬಂದು ನಿಂತುಬಿಟ್ಟಿತು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಗಿರಣಿಯ ಆಚೆ ಬದಿಯವರು ಸ್ವೆಟರ್ ತೊಟ್ಟು ಕೈ ಉಜ್ಜಿಕೊಳ್ಳುತ್ತಿದ್ದರು, ಈಚೆ ಬದಿಯವರು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಕ್ಷೌರದಂಗಡಿಯಲ್ಲಿ ಕೂತವನಿಗೆ ಒಂದು ಕೆನ್ನೆ ನಡುಗಿ ಇನ್ನೊಂದು ಬೆವರುತ್ತಿತ್ತಂತೆ. ಆಚೆ ಬದಿಯ ಸಂಸಾರಗಳು ಈಚೆ ಬದಿಯ ನೆಂಟರ ಮನೆಗೆ ಸ್ನಾನಕ್ಕೆ ಹೊರಟವು. ಸಾಕಮ್ಮನ ಹೊಲದ ಅರ್ಧಕ್ಕೆ ಇಬ್ಬನಿ ಬಿತ್ತು. ಎಲ್ಲರೂ ಮೊದಲು ಚಳಿಯನ್ನು ನೋಡಿದರು, ಆಮೇಲೆ ಹೊನ್ನಪ್ಪನನ್ನು ನೋಡಿದರು, ಕೊನೆಗೆ ನಮ್ಮ ಮನೆಯ ಕಡೆ ನಡೆದು ಬಂದರು.

ಒಳಗೆ ಅಷ್ಟು ಹೊತ್ತಿಗೆ ನಾವು ಅಜ್ಜಿಗೆ ಸ್ವೆಟರ್ ತೊಡಿಸುತ್ತಿದ್ದೆವು. ಅವಳ ಕೈಗಳು ತೋಳಿನೊಳಗೆ ಹೋದವು, ಒಂದು ಹೊರಗೆ ಬಂತು, ಇನ್ನೊಂದು ಉದ್ದ ತೋಳಿನಲ್ಲಿ ಎಲ್ಲೋ ಉಳಿಯಿತು. ತಲೆ ಒಳಗೆ ಹೋಯಿತು. ತಲೆ ಹೊರಗೆ ಬರಲಿಲ್ಲ. ಅಮ್ಮ ಎಳೆದಳು, ನಾನು ಎಳೆದೆ. ಒಳಗಿನಿಂದ ಅಜ್ಜಿಯ ದನಿ ಬಂತು.

"ನೀಲು, ಕತ್ತು ಎಲ್ಲಿಟ್ಟಿದೀಯ?"

ಕತ್ತು ಇಟ್ಟಿರಲಿಲ್ಲ. ಒಂದು ಎಳೆ ಗಾಳಿಯೂ ನುಸುಳದಂತೆ ಹೊಲಿದಿದ್ದೆನಲ್ಲ, ಒಂದು ಹೆಗಲಿನಿಂದ ಇನ್ನೊಂದು ಹೆಗಲಿನವರೆಗೆ ಸೊಗಸಾಗಿ ಮುಚ್ಚಿ ಹೊಲಿದಿದ್ದೆ. ಬಾಗಿಲಲ್ಲಿ ಊರು ನಿಂತಿತ್ತು. ನಡುಮನೆಯಲ್ಲಿ ಬದನೆಕಾಯಿ ಬಣ್ಣದ ಒಂದು ಚೀಲ ಕೂತು ಅಲುಗಾಡುತ್ತಿತ್ತು. ಅಜ್ಜಿ ಅಳುತ್ತಿದ್ದಾಳೆ ಎಂದುಕೊಂಡೆ. ಅಮ್ಮ ಚೀಲವನ್ನು ಮೇಲಕ್ಕೆ ಎತ್ತಿ ತೆಗೆದಾಗ ಅಜ್ಜಿ ನಕ್ಕೂ ನಕ್ಕೂ ಉಸಿರು ಸಿಗದೆ ಕೈ ಆಡಿಸುತ್ತಿದ್ದಳು. ಸಾಕಮ್ಮ ಬಾಗಿಲ ಚೌಕಟ್ಟು ಹಿಡಿದು ಕುಸಿದಳು. ಹೊನ್ನಪ್ಪ, ಕತ್ತೇ ಇಲ್ಲದ ಸ್ವೆಟರಿಗೆ ಚಳಿ ಅಷ್ಟು ದೂರವಾದರೂ ಬಂತಲ್ಲ, ಅದರ ದೊಡ್ಡತನ ಅಂದನಂತೆ.

"ಇದು ನಿಂದೇ ತಪ್ಪು," ಅಂದಳು ಅಜ್ಜಿ, ಕಣ್ಣೊರೆಸಿಕೊಳ್ಳುತ್ತ. "ಇದು ಅಪ್ಪಟ ನಿಂದೇ."

ಇನ್ನೊಬ್ಬರು ಹೆಣೆಯುವಂತಿಲ್ಲ. ಅಜ್ಜಿ ತನ್ನ ಬಿಗಿದ ಬೆರಳುಗಳನ್ನು ನನ್ನ ಮಣಿಕಟ್ಟಿನ ಮೇಲೆ ಇಟ್ಟುಕೊಂಡು, ಇಲ್ಲಿಂದ ಬಿಚ್ಚು, ಇಲ್ಲಿಗೆ ನಿಲ್ಲಿಸು, ಈಗ ಸುತ್ತಲೂ ಪಟ್ಟಿ ಹಾಕು ಎನ್ನುತ್ತ ಕೂತಳು. ಊರು ಜಗಲಿಯ ಮೇಲೆ ಕೂತಿತು, ಅಮ್ಮ ಎಲ್ಲರಿಗೂ ಕಾಫಿ ಕೊಟ್ಟಳು. ಪಟ್ಟಿಯ ಕೊನೆಯ ಕುಣಿಕೆಯೊಳಗಿಂದ ದಾರ ಎಳೆದು ಗಂಟು ಹಾಕಿದೆ. ಗಿರಣಿಯ ಕಡೆಯಿಂದ ತಣ್ಣನೆಯದೊಂದು ಎದ್ದು, ಬೀದಿಯುದ್ದಕ್ಕೂ ಕುಚ್ಚುಗಳನ್ನು ಅಲುಗಿಸುತ್ತ ಬಂದು, ನಮ್ಮ ಹೊಸಿಲ ಮೇಲೆ ಒಂದು ಕ್ಷಣ ನಿಂತು, ಒಳಗೆ ಬಂತು. ಅಮ್ಮ ಮತ್ತೆ ತೊಡಿಸಿದ ಸ್ವೆಟರಿನ ಕತ್ತಿನಿಂದ ಅಜ್ಜಿಯ ತಲೆ ಹೊರಗೆ ಬಂತು.

ಆ ಚಳಿಗಾಲದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಮಾರನೆಯ ದಿನವೇ ಚೌಡಜ್ಜಿ ಕೋಲೂರಿಕೊಂಡು ನಮ್ಮ ಜಗಲಿಗೆ ಬಂದಳು. ಅಜ್ಜಿ ಆ ಉದ್ದ ತೋಳನ್ನು ಮಡಚಲಿಲ್ಲ. ಅದರ ಈ ಕಡೆಯಿಂದ ಅವಳ ಕೈ, ಆ ಕಡೆಯ ತುದಿಯಿಂದ ಚೌಡಜ್ಜಿಯ ಕೈ, ಒಳಗೆ ಎರಡೂ ಏನು ಮಾ‌ಡುತ್ತಿದ್ದವೋ ನನಗೆ ಕಾಣುತ್ತಿರಲಿಲ್ಲ. ಇಬ್ಬರೂ ಹಾಗೆ ಕೂತು ಊರನ್ನೆಲ್ಲ ಆಡಿಕೊಂಡರು, ಹೆಚ್ಚಾಗಿ ನನ್ನನ್ನೇ. ಸಾಕಮ್ಮ ತಂದ ಅವರೆಯ ಸೊಗಡಿಗೆ ಅಮ್ಮನ ಕೈ ಎರಡು ದಿನ ಘಮಘಮಿಸುತ್ತಿತ್ತು. ನಡುವೆ ಒಂದು ವಾರ ಅಜ್ಜಿ ಮೇಲೇಳಲಿಲ್ಲ. ಅಗ್ಗಿಷ್ಟಿಕೆ ಹತ್ತಿರ ಇಟ್ಟು ನಾವು ಸರದಿಯಲ್ಲಿ ಕಾದೆವು. ಆಗ ನಾನು ಎದ್ದು ಹೋಗಿ ಚಿಲಕದ ಕುಚ್ಚನ್ನು ಹಿಡಿದುಕೊಂಡು ನಿಂತದ್ದುಂಟು, ಇದನ್ನು ಬಿಚ್ಚಿದರೆ ಚಳಿ ಹಿಂದಕ್ಕೆ ಹೋಗುತ್ತದೆಯೇನೋ ಎಂದು. ಬಿಚ್ಚಲಿಲ್ಲ. ಅಂಥ ಗಂಟು ಹಾಕಿದ್ದೆ ಎಂದರೆ, ನನಗೇ ಬಿಚ್ಚಲು ಬರುತ್ತಿರಲಿಲ್ಲ. ಎಂಟನೆಯ ಬೆಳಿಗ್ಗೆ ಅಜ್ಜಿ, ಬಿಸಿಲು ಎಲ್ಲಿಗೆ ಬಂತು ಎಂದು ಕೇಳಿದಳು.

ಈಗ ಮತ್ತೆ ಆಯುಧಪೂಜೆ ಕಳೆದು ಎಷ್ಟೋ ದಿನವಾಗಿದೆ. ಚಳಿ ದಿಣ್ಣೆಯ ಮೇಲೆ ನಿಂತಿದೆ, ಬೀದಿಯಲ್ಲಿ ನಮ್ಮ ಮನೆಯ ಚಿಲಕವೊಂದೇ ಬೋಳು. ನಂಜುಂಡ ಪಂಡಿತರು ಬಂದು ನಾಡಿ ಹಿಡಿದು, ಹಿತ್ತಿಲಲ್ಲಿ ಕೈ ತೊಳೆಯುತ್ತ ಅದೇ ಮಾತನ್ನು ಹೇಳಿ ಹೋಗಿದ್ದಾರೆ. ಅಜ್ಜಿಯ ಕೆಮ್ಮು ಹೋದ ವರ್ಷಕ್ಕಿಂತ ಆಳದಿಂದ ಬರುತ್ತಿದೆ, ಅದು ನನಗೂ ಕೇಳಿಸುತ್ತದೆ. ಈ ಸಲ ನಾನು ಹೆಣೆಯುತ್ತಿರುವುದು ಚೌಡಜ್ಜಿಗೆ. ಕತ್ತಿಗೆ ಮೊದಲೇ ಯೋಚಿಸಿ ಜಾಗ ಬಿಟ್ಟಿದ್ದೇನೆ. ಒಂದು ತೋಳು ಉದ್ದವಿರಲಿ ಎಂದು ಅವಳೇ ಹೇಳಿ ಕಳಿಸಿದ್ದಳು. ನಾನೂ ಬೆಳುದಿಂಗಳ ಮುದುಕಿಯನ್ನು ನೆನೆಸಿಕೊಂಡು, ಬಾವಿಗೆ ಬಗ್ಗಿಸಿ, ಎಷ್ಟೋ ಪ್ರಯತ್ನಪಟ್ಟೆ. ತೋಳು ಸರಿಯಾದ ಅಳತೆಗೆ ಬಂದು ಕೂತಿದೆ. ಬೇಕೆಂದಾಗ ಒಂದು ತಪ್ಪೂ ನನ್ನ ಕೈಗೆ ಬರುವುದಿಲ್ಲ.

ಕಡ್ಡಿಯ ಮೇಲೆ ಇನ್ನು ಒಂದೇ ಕುಣಿಕೆ ಉಳಿದಿದೆ. ಬೆಳಿಗ್ಗೆಯಿಂದ ಅದನ್ನು ನೋಡುತ್ತ ಕೂತಿದ್ದೆ. ಅಜ್ಜಿ ಈ ಸೆಕೆಯಲ್ಲೂ ತನ್ನ ಬದನೆಕಾಯಿ ಬಣ್ಣದ ಸ್ವೆಟರ್ ತೊಟ್ಟು, ಬೆವರುತ್ತ, ಗೋಡೆ ಹಿಡಿದುಕೊಂಡು ಜಗಲಿಗೆ ಹೋಗಿ ತನ್ನ ಜಾಗದಲ್ಲಿ ಕೂತಿದ್ದಾಳೆ. ಪಕ್ಕದಲ್ಲಿ ಚೌಡಜ್ಜಿಗೆ ಜಾಗ ಬಿಟ್ಟಿದ್ದಾಳೆ. ಉದ್ದ ತೋಳು ಆ ಕಡೆಗೆ ಚಾಚಿಕೊಂಡಿದೆ.

"ಹೂಂ," ಅಂದಳು ಹೊರಗಿನಿಂದ.

ದಾರ ಎಳೆದೆ.